ವೈಜಿನಾಥ ಸಾಲಿ ತೆಗೆದದ್ದು

ನಮ್ಮ ಓಣಿಯಲ್ಲಿ ಒಂದು ಸಾಲಿ ಹುಟ್ಟಿ, ಬೆಳೆದು, ಶಾಲು ಹೊದಿಸಿಕೊಂಡು, ಹದಿನೈದು ದಿನದೊಳಗೆ ತೀರಿಹೋಯಿತು. ಅದಕ್ಕೆ ಕಟ್ಟಡವಿರಲಿಲ್ಲ, ಗಂಟೆ ಇರಲಿಲ್ಲ, ಹೆಸರು ಮಾತ್ರ ಇತ್ತು. ಅದರ ಸಂಸ್ಥಾಪಕ ನನ್ನ ಪಕ್ಕದ ಮನೆಯ ವೈಜಿನಾಥ. ಅದನ್ನು ಊರಿಗೆಲ್ಲ ಹಂಚಿದವನು ನಾನು, ಅನೀಲಕುಮಾರ. ಬೀದರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಒಂದನ್ನು ಹತ್ತು ಮಾಡುವುದೇ ನನ್ನ ಕಸುಬು. ಅದಕ್ಕೆ ಕಾಗದವೇ ಬೇಕೆಂದೇನೂ ಇಲ್ಲ.

ವೈಜಿನಾಥನಿಗೆ ಅರವತ್ಮೂರು ವಯಸ್ಸು. ಮೂವತ್ತೊಂದು ವರ್ಷ ಬೀದರ–ಔರಾದ ಬಸ್ಸಿನ ಕಂಡಕ್ಟರ್ ಆಗಿದ್ದವನು. ಅವನ ಬಸ್ಸಿಗೆ ಅವನದೇ ಒಂದು ಕಾಯ್ದೆ ಇತ್ತು: ಜನವಾಡ ದಾಟಿತೆಂದರೆ, ಒಂದಕ್ಕೆ ಹೋಗಬೇಕು ಎಂದು ಯಾರು ಕೇಳಿದರೂ ಸೀಟಿ ಊದುವುದಿಲ್ಲ. ಮುದುಕರು ಕೈ ಮುಗಿದರು, ಹೆಂಗಸರು ಸೆರಗು ಬಾಯಿಗಿಟ್ಟು ಕೇಳಿದರು. "ಬಸ್ ಹತ್ತೋಕಿಂತ ಮೊದಲೇ ಮುಗಿಸ್ಕೊಂಡು ಬರ್ಬೇಕಿತ್ತು. ಟೈಮ್ ಅಂದ್ರ ಟೈಮ್" ಎನ್ನುತ್ತಿದ್ದ. ಔರಾದಕ್ಕೆ ಬಸ್ಸು ಐದು ನಿಮಿಷ ಮೊದಲೇ ಮುಟ್ಟುತ್ತಿತ್ತು. ಆ ಐದು ನಿಮಿಷದಲ್ಲಿ ಅವನು ನಿಲ್ದಾಣದ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದ. ದೇವರು ತಡ ಮಾಡಿ ಟಿಕೆಟ್ ಹರಿಯುತ್ತಾನೆ, ಆದರೆ ಹರಿಯದೆ ಬಿಡುವುದಿಲ್ಲ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ವೈಜಿನಾಥನ ಬಚ್ಚಲಿನ ಚಿಲಕದ ಸದ್ದು ಹೆಚ್ಚಾಯಿತು. ನನ್ನ ಮನೆಗೂ ಅವನ ಮನೆಗೂ ಗೋಡೆ ಒಂದೇ. ಒಂದು ಭಾನುವಾರ ಕೆಲಸವಿಲ್ಲದೆ ಎಣಿಸಿದೆ: ಮುಂಜಾನೆಯ ಚಹಾದಿಂದ ಮಧ್ಯಾಹ್ನದ ಊಟದೊಳಗೆ ಹನ್ನೊಂದು ಸಲ. ಒಳಗೆ ಹೋದವನು ಜಲ್ದಿ ಬರುವವನೂ ಅಲ್ಲ. ಧೈರ್ಯಕ್ಕೆಂದು ನಲ್ಲಿ ಬಿಡುತ್ತಿದ್ದ. ನಲ್ಲಿಯಿಂದ ನೀರು ಧೋ ಎಂದು ಬರುತ್ತಿತ್ತು, ಅವನಿಂದ ಬರುತ್ತಿರಲಿಲ್ಲ. ಹೊರಗೆ ಹೆಂಡತಿ ಗಂಗುಬಾಯಿ ನಿಂತು, "ಟಾಕಿ ಖಾಲಿ ಆಗ್ಲಿಕತ್ತದ. ಒಳಗ ಕಬ್ಬಿಗಿ ನೀರ್ ಬಿಟ್ಟೀರೇನು?" ಎಂದು ಕೇಳುತ್ತಿದ್ದಳು.

ಮದುವೆಯಾಗಿ ಮೂವತ್ತೇಳು ವರ್ಷವಾದರೂ ಆ ಜಾಗದ ರೋಗವನ್ನು ಹೆಂಡತಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ಅಂಜಿಕೆಯೂ ಇತ್ತು. ಅವನ ಅಣ್ಣನಿಗೆ ಹೀಗೆಯೇ ಸುರುವಾಗಿ, ಹೈದರಾಬಾದಿಗೆ ಒಯ್ದು, ಒಯ್ದ ಗಾಡಿಯಲ್ಲೇ ಹೆಣ ತಂದಿದ್ದರು. ಒಮ್ಮೆ ಗುಟ್ಟಾಗಿ ದವಾಖಾನೆಗೆ ಹೋದನಂತೆ. ಚೀಟಿ ಮಾಡಿಸಿ ಕೂತಾಗ ಕಂಪೌಂಡರ್ ಬಾಗಿಲಿಗೆ ಬಂದು, ಮೂವತ್ತು ಮಂದಿಯ ಮುಂದೆ, "ಒಂದಕ್ಕ ತ್ರಾಸ ಇದ್ದವ್ರು ಯಾರ್ರಿ, ಮುಂದ ಬರ್ರಿ" ಎಂದ. ಆ ಮೂವತ್ತರಲ್ಲಿ ಎಂಟು ಮಂದಿ ಇವನ ಹಳೆಯ ಪ್ಯಾಸೆಂಜರುಗಳು. ಮೇಲಾಗಿ ಒಳಗಿನ ಮೇಜಿನ ಮೇಲೆ ರಬ್ಬರಿನ ಕೈಗವಸು ಕಂಡಿತು. ಪಕ್ಕದಲ್ಲಿದ್ದ ಮುದುಕನೊಬ್ಬ ಅದರ ಉಪಯೋಗವನ್ನು ಇವನ ಕಿವಿಯಲ್ಲಿ ಹೇಳಿದ. ವೈಜಿನಾಥ ಚಪ್ಪಲಿ ಅಲ್ಲೇ ಬಿಟ್ಟು ಎದ್ದ.

ಅದೇ ಮುದುಕ ಗೇಟಿನವರೆಗೆ ಬಂದು ಇನ್ನೊಂದು ದಾರಿ ತೋರಿಸಿದ. ಔರಾದ ತಾಲೂಕಿನ ಎಕಂಬಾದಲ್ಲಿ ಅಂಜನಾಬಾಯಿ ಎಂಬವಳು ಒಂದು ಮರದ ತೊಗಟೆ ಕೊಡುತ್ತಾಳೆ. ವೈದ್ಯರು ವರುಣ ಎನ್ನುವ, ಗಡಿಯ ಮರಾಠಿ ಮಂದಿ ವಾಯವರ್ಣಾ ಎನ್ನುವ ಮರ. "ಕುದಿಸಿ ಎರಡು ಹೊತ್ತು ಕುಡಿರಿ. ಹಳ್ಳ ಹರದಂಗ ಹರೀತದ" ಎಂದ. ಹಾಗಾದರೆ ನೀವೇಕೆ ದವಾಖಾನೆಯಲ್ಲಿ ಕೂತಿದ್ದೀರಿ ಎಂದು ವೈಜಿನಾಥ ಅವನನ್ನು ಕೇಳಲಿಲ್ಲ. ಕಷ್ಟದಲ್ಲಿದ್ದವನು ಇಂಥ ಪ್ರಶ್ನೆ ಕೇಳುವುದಿಲ್ಲ.

ಮರುದಿನವೇ ಔರಾದ ಬಸ್ಸು ಹತ್ತಿದ. ಕಂಡಕ್ಟರ್ ಅಮಿತಕುಮಾರ, ಇವನ ಕೈಕೆಳಗೇ ತಯಾರಾದವನು. ಜನವಾಡ ದಾಟಿ ಎರಡು ಮೈಲು ಹೋಗುವುದರೊಳಗೆ ವೈಜಿನಾಥ ಎದ್ದು ಕಂಬ ಹಿಡಿದ.

"ಅಮಿತಾ, ಒಂದು ಮಿಂಟ್ ನಿಲ್ಲಸಪಾ."

"ಯಾಕ್ರಿ ಸಾಹೇಬ್ರ?"

"ಒಂದಕ್ಕ."

ಅಮಿತಕುಮಾರ ನಕ್ಕ. "ಸಾಹೇಬ್ರ, ನನ್ನ ಪರೀಕ್ಷಾ ಮಾಡ್ಲಿಕತ್ತೀರಿ. ನೀವೇ ಕಲಿಸೀರಿ, ಜನವಾಡ ದಾಟಿದ ಮ್ಯಾಲ ನಮ್ಮಪ್ಪ ಕೇಳಿದ್ರೂ ನಿಲ್ಲಸಬ್ಯಾಡ ಅಂತ. ಗುರು ಹೇಳಿದ್ದು ಗುರುವಿನ ಸಲುವಾಗಿ ಮುರೀಲೇನ್ರಿ?"

ಇಡೀ ಬಸ್ಸು ಶಿಷ್ಯನನ್ನು ಮೆಚ್ಚಿ ತಲೆಯಾಡಿಸಿತು. ಗುರು ಮೊಣಕಾಲಿಗೆ ಮೊಣಕಾಲು ಒತ್ತಿ ಸಂತಪುರದ ತನಕ ನಿಂತೇ ಹೋದ.

ಎಕಂಬಾದ ಅಂಜನಾಬಾಯಿಗೆ ಕನ್ನಡ ಬರುವುದಿಲ್ಲ. ದಿನಕ್ಕೆ ಎಷ್ಟು ಸಲ ಎಂದು ಮರಾಠಿಯಲ್ಲಿ ಕೇಳಿದಳು. ಇವನು ಎರಡೂ ಕೈಯ ಬೆರಳು ತೋರಿಸಿದ, ಮಡಚಿ ಮತ್ತೊಮ್ಮೆ ತೋರಿಸಿದ. ಮುದುಕಿ ಹುಬ್ಬೇರಿಸಿದಳು. ತೊಗಟೆ ಕೆತ್ತಿ ನೆರಳಲ್ಲಿ ಎಂಟು ದಿನ ಒಣಗಿಸಬೇಕು, ಆದ ಮೇಲೆ ಫೋನ್ ಮಾಡುತ್ತೇನೆ ಎಂದು ನಂಬರು ಬರೆಸಿಕೊಂಡಳು.

ಇಲ್ಲೊಂದು ಮಾತು ಹೇಳಬೇಕು. ಮರಾಠಿಯಲ್ಲಿ ತೊಗಟೆಗೆ ಸಾಲ್ ಎನ್ನುತ್ತಾರೆ. ಒಂದಿದ್ದರೆ ಸಾಲ್, ಹತ್ತಿದ್ದರೆ ಸಾಲಿ. ನಮ್ಮ ಬೀದರದ ಕನ್ನಡದಲ್ಲಿ ಸಾಲಿ ಎಂದರೆ ಮಕ್ಕಳು ಚೀಲ ಹಾಕಿಕೊಂಡು ಹೋಗುವ ಶಾಲೆ. ಎಂಟು ದಿನದ ಮೇಲೆ ಫೋನ್ ಬಂದಾಗ ವೈಜಿನಾಥ ಎಲ್ಲಿದ್ದ ಎಂದು ಬೇರೆ ಹೇಳಬೇಕಾಗಿಲ್ಲ. ಚಿಲಕ ಹಾಕಿತ್ತು, ನಲ್ಲಿ ಬಿಟ್ಟಿತ್ತು. ಫೋನ್ ಗಂಗುಬಾಯಿ ಎತ್ತಿದಳು. ಅವರ ಏಣಿ ವಾಪಸ್ ಕೊಡಲು ಹೋದ ನಾನು ಅಲ್ಲೇ ನಿಂತಿದ್ದೆ.

"ತ್ಯಾಂನಾ ಸಾಂಗಾ, ಸಾಲೀ ತಯಾರ ಆಹೇತ. ಯೇವೂನ ಘೇವೂನ ಜಾ" ಎಂದು ಎಕಂಬಾದಿಂದ ಒಂದು ಹೆಣ್ಣುದನಿ, ಊರಿನ ಹೆಸರನ್ನಷ್ಟೇ ತಿಳಿಸಿ, ಹೇಳಿ ಫೋನಿಟ್ಟಿತು.

ವೈಜಿನಾಥ ಲುಂಗಿ ಕಟ್ಟಿಕೊಳ್ಳುತ್ತ ಹೊರಗೆ ಬಂದ. ಗಂಗುಬಾಯಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಯಾರರಿ ಆ ಎಕಂಬಾದಾಕಿ? ಸಾಲಿ ತಯಾರ ಆಗ್ಯಾದಂತ. ಬಂದು ತಗೊಂಡು ಹೋಗ್ಬೇಕಂತ. ಯಾವ ಸಾಲಿ?"

ಅವನ ಮುಖ ಬಿಳಿಚಿತು. ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಎಕಂಬಾದಾಕಿ ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಬಾವಿಗೂ ಕೆರೆಗೂ ನಡುವೆ ನಿಂತವನಿಗೆ ನಾನು ಹಗ್ಗ ಎಸೆದೆ, ಅದು ಕುತ್ತಿಗೆಗೆ ಬಿತ್ತು.

"ಏನ್ರಿ ವೈಜಿನಾಥಣ್ಣಾ, ಸಾಲಿ ತೆಗೀಲಿಕತ್ತೀರೇನ್ರಿ?"

"ಹೌದಪಾ" ಎಂದ ವೈಜಿನಾಥ, ನೆಲ ನೋಡುತ್ತ. "ಗಿಡದ ಕೆಳಗ… ಸಾಲಿ ತೆಗಿಸ್ಲಿಕತ್ತೇನಿ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ನಾನು ಮಾತ್ರ ಗಿಡದ ಕೆಳಗೆ ಪಾಠ ಹೇಳುವ ಹಳೆಯ ಕಾಲದ ಆಶ್ರಮ ಕಣ್ಣ ಮುಂದೆ ತಂದುಕೊಂಡೆ. ಗಂಗುಬಾಯಿಯ ಕಣ್ಣಲ್ಲಿ ನೀರು ಬಂತು. "ನನಗ ಹೇಳಬಾರದಿತ್ತೇನ್ರಿ? ನಾ ಬ್ಯಾಡ ಅಂತಿದ್ನೇನು?" ಎಂದಳು. ಬಸವಣ್ಣನವರ ಫೋಟೋಕ್ಕೆ ಊದಿನಕಡ್ಡಿ ಹಚ್ಚಿದಳು. ನಾನು ಏಣಿ ಅಲ್ಲೇ ಇಟ್ಟು ಅಂಗಡಿಗೆ ಓಡಿದೆ.

ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಯಿತು. ಚಹಾದ ಅಂಗಡಿಯಲ್ಲಿ ಈ ತನಕ ಕಟ್ಟೆಯ ಮೇಲೆ ಕೂಡುತ್ತಿದ್ದ ವೈಜಿನಾಥನಿಗೆ ಕುರ್ಚಿ ಬಂತು. ಮನುಷ್ಯನಿಗೆ ಕುರ್ಚಿ ಬಂದರೆ ಬುದ್ಧಿ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ. ಜನ ಕೇಳಿದರು, ಇವನು ಉತ್ತರ ಕೊಟ್ಟ. ಕೇಳಿದವರು ಒಂದು ಸಾಲಿ ಕೇಳಿದರು, ಹೇಳಿದವನು ಇನ್ನೊಂದು ಸಾಲಿ ಹೇಳಿದ.

"ಸಾಲಿ ಹೊತ್ತು ಎಷ್ಟಕ್ಕರಿ?"

"ಮುಂಜಾನಿ ಒಂದು, ಸಂಜಿಗಿ ಒಂದು. ಎರಡೂ ಊಟಕ್ಕಿಂತ ಮೊದಲು."

"ಎರಡು ಶಿಫ್ಟ್ ಅಂದಂಗಾಯ್ತು. ಶಿಸ್ತು ಹ್ಯಾಂಗರಿ?"

"ಶಿಸ್ತಿಲ್ದ ಗುಣ ಬರಂಗಿಲ್ಲ. ಛೊಲೋ ಕುದೀಬೇಕು. ನಾಲ್ಕು ಪಾಲು ಒಂದು ಪಾಲು ಆಗೋ ತನಕ ಬಿಡಬಾರದು."

ನಾಲ್ಕರಲ್ಲಿ ಮೂವರನ್ನು ನಪಾಸು ಮಾಡುವ ಇಂಥ ಕಟ್ಟುನಿಟ್ಟಿನ ಸಾಲಿ ಬೀದರದಲ್ಲಿ ಇನ್ನೊಂದಿಲ್ಲ ಎಂದು ಇಬ್ಬರು ತಂದೆಯರು ಅಲ್ಲೇ ಮಕ್ಕಳ ಹೆಸರು ಹೇಳಿದರು. ವೈಜಿನಾಥ ಎದ್ದು ಹಿಂದಿನ ಗೋಡೆಯ ಕಡೆ ನಡೆದ. ನಾಲ್ಕು ಸಲ ಎದ್ದ, ನಾಲ್ಕು ಸಲ ಬಂದ. ಜವಾಬ್ದಾರಿಯ ಮನುಷ್ಯ, ಚಿಂತೆಗೆ ಕೂಡಲಿಕ್ಕೂ ಆಗುವುದಿಲ್ಲ ಎಂದು ಜನ ಕೊಂಡಾಡಿದರು.

ಎಕಂಬಾದಿಂದ ತಂದ ತೊಗಟೆಯನ್ನು ಅವನು ಹಳೆಯ ಟಿಕೆಟ್ ಪೆಟ್ಟಿಗೆಯಲ್ಲಿ ಬಚ್ಚಿಟ್ಟ. ಗಂಗುಬಾಯಿ ಗುಡಿಗೆ ಹೋದಾಗ ಕುದಿಸಿ ಕುಡಿದ. ಕಹಿಗೆ ಹಲ್ಲು ಜುಮ್ಮೆಂದಿತು. ಇಷ್ಟು ಕಹಿಯಾದದ್ದು ಗುಣವಾಗಲೇಬೇಕು ಎಂದು ಅವನ ನಂಬಿಕೆ. ಎರಡು ಲೋಟ ಹೆಚ್ಚು ನೀರು ಒಳಗೆ ಹೋಯಿತು, ಅದು ಹೊರಗೆ ಬರುವ ಚಿಂತೆ ಹೊಸದಾಗಿ ಸೇರಿತು. ಚಿಲಕದ ಲೆಕ್ಕ ಹನ್ನೊಂದರಿಂದ ಹದಿನಾಲ್ಕಕ್ಕೆ ಏರಿತು.

ಮೂರನೆಯ ದಿನ ಭಾಲ್ಕಿಯಿಂದ ಗಂಗುಬಾಯಿಯ ತಮ್ಮ ಬಕ್ಕಪ್ಪ ಬಂದ. ಜೊತೆಗೆ ಮಗಳು ಸಿದ್ದೇಶ್ವರಿ. ಬಕ್ಕಪ್ಪ ಯಾವ ಕೆಲಸವನ್ನೂ ಮಾಡಿದವನಲ್ಲ, ಎಲ್ಲ ಕೆಲಸಕ್ಕೂ ಕಾರ್ಯದರ್ಶಿಯಾದವನು. ಅವನ ಹೆಸರಿಲ್ಲದ ಲಗ್ನಪತ್ರಿಕೆ ಭಾಲ್ಕಿಯಲ್ಲಿ ಅಚ್ಚಾಗುವುದಿಲ್ಲ.

"ಭಾವಾರ, ನೀವು ಅಧ್ಯಕ್ಷರು, ನಾ ಕಾರ್ಯದರ್ಶಿ. ಮನಿ ಮಾತು ಮನ್ಯಾಗೇ ಇರ್ಲಿ. ಹೆಡ್ ಟೀಚರ್ ನಮ್ಮ ಸಿದ್ದಿ" ಎಂದ, ಚಪ್ಪಲಿ ಬಿಡುವುದಕ್ಕೂ ಮೊದಲು.

ಸಿದ್ದೇಶ್ವರಿ ಬಿ.ಎಡ್. ಮಾಡಿ ಎಂಟು ವರ್ಷವಾಗಿತ್ತು. ಎಂಟೂ ವರ್ಷ ಅತಿಥಿ ಶಿಕ್ಷಕಿ. ಹೆಸರೇ ಹೇಳುವಂತೆ ಅತಿಥಿ. ಜೂನಿನಲ್ಲಿ ಬಾ ಎನ್ನುತ್ತಾರೆ, ಪರೀಕ್ಷೆ ಮುಗಿಯುತ್ತಲೇ ಹೋಗು ಎನ್ನುತ್ತಾರೆ. ಅವಳು ಅಪ್ಪನ ಹಾಗೆ ಕೂಗುವವಳಲ್ಲ. ವೈಜಿನಾಥನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಮಾಮಾ, ನನಗ ಹೆಡ್ ಬ್ಯಾಡರಿ. ಒಂದನೇ ಕ್ಲಾಸ್ ಕೊಡ್ರಿ, ಸಾಕು. ಒಂದೇ ಸಾಲ್ಯಾಗ ಎರಡು ವರ್ಷ ಇದ್ದು ನೋಡಬೇಕಂತ ಆಸಿ ಅದರಿ."

ವೈಜಿನಾಥ ಬಾಯಿ ತೆರೆದ. ಈಗ ಹೇಳುತ್ತಾನೆ ಎಂದು ಅವನೇ ಅಂದುಕೊಂಡಿದ್ದನಂತೆ. ಅಷ್ಟರಲ್ಲಿ ಹೊಟ್ಟೆಯ ಕೆಳಗೆ ಒತ್ತಿತು, ಎದ್ದು ಓಡಿದ. ಅವನು ಹೊರಗೆ ಬರುವುದರೊಳಗೆ ಬಕ್ಕಪ್ಪ ನನ್ನ ಅಂಗಡಿಯಲ್ಲಿ ಕರಪತ್ರದ ಮಜಕೂರು ಬರೆಸಿ ಮುಗಿಸಿದ್ದ: ಶ್ರೀ ವೈಜಿನಾಥ ಬಾಲವಿದ್ಯಾ ಮಂದಿರ, ಸೋಮವಾರದಿಂದ ಪ್ರವೇಶ. ಐನೂರು ಪ್ರತಿ ತೆಗೆದೆ. ಮೊದಲ ಪ್ರತಿಯನ್ನು ವೈಜಿನಾಥನ ಕೈಗೆ ಕೊಟ್ಟಾಗ ಅವನು ಅದನ್ನು ಯಾರೋ ಸತ್ತ ಸುದ್ದಿಯ ಕಾಗದದ ಹಾಗೆ ನೋಡಿದ. ನನಗೆ ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಸಿದ್ದೇಶ್ವರಿ ಆ ವಾರ ಮನೆಯಲ್ಲಿ ಕೂತು ನೀಲಿ ಬಟ್ಟೆಯ ಒಂದು ಸಾಲಿ ಚೀಲ ಹೊಲಿದಳು. ಮೇಲೆ ಬಿಳಿ ದಾರದಲ್ಲಿ ಮಂದಿರದ ಹೆಸರು ಕಸೂತಿ ಹಾಕಿದಳು. ಮಾದರಿ ಇದು, ಮಕ್ಕಳಿಗೆಲ್ಲ ಇಂಥದ್ದೇ ಮಾಡಿಸಬೇಕು ಎಂದಳು. ಆ ವಾರವೇ ಅತಿಥಿ ಶಿಕ್ಷಕರ ಅರ್ಜಿಯ ಕೊನೆಯ ತಾರೀಖಿತ್ತು. ಅವಳು ಹಾಕಲಿಲ್ಲ. ಮಾಮಾನ ಸಾಲಿ ಇರುವಾಗ ಇನ್ನೊಬ್ಬರ ಅನ್ನಕ್ಕೇಕೆ ಕೈ ಹಾಕಬೇಕು ಎಂದು ಬಿಟ್ಟಳು.

ಕರಪತ್ರ ಶಿಕ್ಷಣ ಇಲಾಖೆಗೂ ಮುಟ್ಟಿತು. ಒಂದು ಮಧ್ಯಾಹ್ನ ಸತೀಶಕುಮಾರ ಎಂಬ ಅಧಿಕಾರಿ ಫೈಲು ಹಿಡಿದು ವೈಜಿನಾಥನ ಅಂಗಳಕ್ಕೆ ಬಂದ. ಬಕ್ಕಪ್ಪ ಎದ್ದು ನಿಂತು ಕೂತ, ಕೂತು ಎದ್ದ. ವೈಜಿನಾಥ ಬಚ್ಚಲಿನಿಂದ ಬಂದ.

"ಪರವಾನಗಿ ಇಲ್ದೇ ಸಾಲಿ ನಡಸ್ಲಿಕತ್ತೀರಂತ ತಕರಾರ ಬಂದದರಿ" ಎಂದ ಸತೀಶಕುಮಾರ. "ಕಟ್ಟಡ ಎಲ್ಲದ?"

"ಇಲ್ರಿ."

"ಆಟದ ಮೈದಾನ?"

"ಇಲ್ರಿ ಸಾಹೇಬ್ರ. ಸಾಲಿನೇ ಇಲ್ರಿ" ಎಂದ ವೈಜಿನಾಥ, ಸತ್ಯ ಹೇಳುವ ಅವಕಾಶ ಬಂತೆಂದು.

"ಇನ್ನೂ ಸುರು ಆಗಿಲ್ಲ ಅನ್ರಿ. ಶೌಚಾಲಯದ ವ್ಯವಸ್ಥಾ ಏನದ?"

ಆ ಒಂದು ಮಾತಿಗೆ ವೈಜಿನಾಥನ ದನಿಯೇ ಬದಲಾಯಿತು. ಸತ್ಯ ಮರೆತುಹೋಯಿತು. "ಸಾಹೇಬ್ರ, ಹೆಜ್ಜಿಗೊಂದು ಇರಬೇಕರಿ. ಮನುಷ್ಯಾಗ ಅನ್ನ ಇಲ್ಲಂದ್ರ ಒಂದು ದಿನ ತಡಕೋತಾನ. ನೀರಿಲ್ಲಂದ್ರ ಅರ್ಧ ದಿನ. ಇದು ಮಾತ್ರ ತಡಕೊಳ್ಳಾಕ ಆಗಂಗಿಲ್ಲರಿ. ಬಾಗಿಲಕ್ಕ ಚಿಲಕ ಗಟ್ಟಿ ಇರಬೇಕು, ಹೊರಗ ಯಾರೂ ಬಾಗಿಲು ಬಡೀಬಾರದು. ಬಂದಿಲ್ಲಂದ್ರೂ ಒಂದು ತಾಸು ಒಳಗ ನಿಂದ್ರಾಕ ಬಿಡಬೇಕರಿ."

ಅವನ ಕಣ್ಣಲ್ಲಿ ನೀರು ತುಂಬಿತ್ತು. ಸತೀಶಕುಮಾರ ಪೆನ್ನು ಕೆಳಗಿಟ್ಟ.

"ಇಪ್ಪತ್ತೆರಡು ವರ್ಷ ನೌಕರಿ ಮಾಡೀನ್ರಿ. ಸಂಡಾಸಿನ ಬಗ್ಗೆ ಇಷ್ಟು ಮನಸ ಇಟ್ಟು ಮಾತಾಡಿದ ಅಧ್ಯಕ್ಷರ್ನ ನೋಡಿಲ್ರಿ. ಅರ್ಜಿ ಕೊಡ್ರಿ, ಜಲ್ದಿ ಮಾಡಿಸೋಣು."

ಇದು ಬಕ್ಕಪ್ಪನಿಗೆ ಸಾಕಾಯಿತು. ಬರುವ ಶನಿವಾರ ಭಾಲ್ಕಿಯಲ್ಲಿ ಶಿಕ್ಷಣಪ್ರೇಮಿ ವೈಜಿನಾಥರಿಗೆ ಸತ್ಕಾರ ಎಂದು ಇನ್ನೂ ಐನೂರು ಪ್ರತಿ ತೆಗೆಸಿದ. ಆ ರಾತ್ರಿಯಿಡೀ ಗೋಡೆಯ ಆಚೆ ನಲ್ಲಿ ಹರಿದ ಸದ್ದು ಕೇಳಿದೆ. ದಾನವೀರನಿಗೆ ನಿದ್ದೆ ಎಲ್ಲಿ ಬರುತ್ತದೆ ಎಂದುಕೊಂಡು ನಾನು ಮಗ್ಗುಲು ಬದಲಿಸಿದೆ.

ಶನಿವಾರ ಭಾಲ್ಕಿಯ ಸಭಾಭವನದಲ್ಲಿ ಮುನ್ನೂರು ಮಂದಿ ಸೇರಿದ್ದರು. ನನಗೆ ಮೊದಲ ಸಾಲಿನ ಕುರ್ಚಿ, ಪಕ್ಕದಲ್ಲಿ ಗಂಗುಬಾಯಿ, ಅವಳ ಪಕ್ಕದಲ್ಲಿ ನೀಲಿ ಚೀಲ ತೊಡೆಯ ಮೇಲಿಟ್ಟುಕೊಂಡ ಸಿದ್ದೇಶ್ವರಿ. ವೇದಿಕೆಯ ಮೇಲೆ ಒಂಬತ್ತು ಕುರ್ಚಿ. ನಟ್ಟ ನಡುವಿನದು ವೈಜಿನಾಥನದು. ಎಡಕ್ಕೆ ನಾಲ್ಕು ಜೊತೆ ಮೊಣಕಾಲು, ಬಲಕ್ಕೆ ನಾಲ್ಕು ಜೊತೆ ಮೊಣಕಾಲು, ಮುಂದೆ ಹೂವಿನ ಮೇಜು. ಬರುತ್ತಲೇ ಎರಡು ಎಳನೀರು ಕುಡಿಸಿದರು. ಶಾಲು ಹೊದಿಸಿದರು, ಹಾರ ಹಾಕಿದರು.

ಸ್ವಾಗತಕ್ಕೆ ಅರ್ಧ ತಾಸು, ಪ್ರಾಸ್ತಾವಿಕಕ್ಕೆ ಮುಕ್ಕಾಲು ತಾಸು. ವೈಜಿನಾಥ ಒಮ್ಮೆ ಎದ್ದ. ಬಕ್ಕಪ್ಪ ಶಾಲು ಹಿಡಿದು ಕೂಡಿಸಿದ. "ಭಾವಾರ, ನಿಮ್ಮ ಹೆಸರು ತಗೊಂಡಾಗೆಲ್ಲ ಏಳೋದು ಬ್ಯಾಡರಿ, ದೊಡ್ಡವರು ಕೂತೇ ಕೈ ಮುಗೀತಾರ." ಎರಡನೆಯ ಸಲ ಎದ್ದಾಗ ಸಭೆ ಚಪ್ಪಾಳೆ ತಟ್ಟಿತು. ಮೂರನೆಯ ಸಲ ಎದ್ದಾಗ ಮಾತಾಡುತ್ತಿದ್ದವರು ಮೈಕಿನಲ್ಲೇ, "ನೋಡ್ರಿ, ಇಂಥಾ ವಿನಯ ಎಲ್ಲದರಿ" ಎಂದರು. ಮಾತಾಡಿದವರೆಲ್ಲ ಹರಿಯುವ ನದಿ, ತುಂಬಿದ ಕೆರೆ, ಜ್ಞಾನದ ಹೊನಲು ಎಂದೇ ಹೇಳಿದರು. ಒಬ್ಬೊಬ್ಬರು ಒಂದೊಂದು ಹೊನಲು ಹರಿಸಿದಾಗಲೂ ವೈಜಿನಾಥ ಕಣ್ಣು ಮುಚ್ಚುತ್ತಿದ್ದ.

ಎರಡೂವರೆ ತಾಸಿನ ಮೇಲೆ ಮೇಜನ್ನು ದಬ್ಬಿ ಹಿಂದಕ್ಕೆ ಹೋದ. ಹತ್ತು ನಿಮಿಷದ ಮೇಲೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ, ಹಣೆ ಬೆವೆತಿತ್ತು. ಒಂದು ಹನಿಯೂ ಬಂದಿರಲಿಲ್ಲ. ಅಷ್ಟು ದಿನ ನಿಂತು ನಿಂತು ಬರುತ್ತಿದ್ದದ್ದು ಪೂರ್ತಿ ಕಟ್ಟಿಬಿಟ್ಟಿತ್ತು. ಹೊಟ್ಟೆ ಕಲ್ಲಿನ ಹಾಗೆ ಬಿಗಿದಿತ್ತು. ಅಣ್ಣನ ಗಾಡಿ ಕಣ್ಣ ಮುಂದೆ ಬಂದಿತ್ತು. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ಆಗ ನಾವು ಕಂಡದ್ದು ಭಾವುಕನಾದ ಶಿಕ್ಷಣಪ್ರೇಮಿಯನ್ನು. ಬಕ್ಕಪ್ಪ ಅವನನ್ನು ನೇರ ಮೈಕಿನ ಮುಂದೆ ನಿಲ್ಲಿಸಿದ.

ವೈಜಿನಾಥ ಮೈಕಿನ ಕೋಲು ಎರಡೂ ಕೈಯಿಂದ ಹಿಡಿದ, ಬಸ್ಸಿನ ಕಂಬ ಹಿಡಿದ ಹಾಗೆ.

"ನಾ ಸಾಲಿ ತೆಗದಿಲ್ರಿ" ಎಂದ. "ಅದು ಗಿಡದ ಸಾಲಿ. ಎಕಂಬಾದ್ದು. ನಾ ಸುಳ್ಳು ಹೇಳಿಲ್ರಿ, ಖರೇನೂ ಹೇಳಿಲ್ರಿ."

ಸಭೆ ಇದನ್ನು ವಿನಯ ಎಂದು ತಿಳಿದು ಚಪ್ಪಾಳೆ ಹೊಡೆಯಿತು.

"ಚಪ್ಪಾಳಿ ಹೊಡೀಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೇನಿ. ನನಗ ಒಂದಕ್ಕ ಬರವಲ್ದು."

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಒಂದಕ್ಕ ಬರಲಿಲ್ಲಂದ್ರ ಎಲ್‌ಕೆಜಿಯಿಂದ ಸುರು ಮಾಡ್ರಿ. ಎಲ್‌ಕೆಜಿಗಿ ಸಿಕ್ಕಾಪಟ್ಟಿ ಬರ್ತಾವ."

"ನಮ್ಮ ಮನ್ಯಾಗ ಒಂದಕ್ಕ ಇಬ್ಬರು ಅದಾರ, ಕಳಸ್ತೇವ್ರಿ" ಎಂದ ಇನ್ನೊಬ್ಬ.

ವೈಜಿನಾಥ ಸಭೆಯನ್ನು ನೋಡಿದ. ಮುನ್ನೂರು ಮಂದಿಯೂ ಅವನಿಗೆ ಒಳ್ಳೆಯದನ್ನೇ ಬಯಸುತ್ತಿದ್ದರು, ಒಬ್ಬರಿಗೂ ಅವನ ಮಾತು ತಿಳಿಯುತ್ತಿರಲಿಲ್ಲ. ನನಗೂ ತಿಳಿಯಲಿಲ್ಲ. ಅವನ ಚಿಲಕದ ಸದ್ದನ್ನು ಎಣಿಸಿದವನು ನಾನು. ಆರು ತಿಂಗಳು ಎಣಿಸಿಯೂ ತಿಳಿದುಕೊಳ್ಳದ ನನ್ನಂಥ ದಡ್ಡ ಮೊದಲ ಸಾಲಿನಲ್ಲಿ ಕೂಡಬಾರದಿತ್ತು.

ಕೊನೆಗೆ ಅವನು ಮಾತು ಬಿಟ್ಟ. ಬಲಗೈ ಮೇಲೆತ್ತಿದ. ನಾಲ್ಕು ಬೆರಳು ಮಡಚಿ ಕಿರುಬೆರಳೊಂದನ್ನು ನಿಲ್ಲಿಸಿದ. ಹಾರ, ಶಾಲು, ಬಿಳಿಯ ಮೀಸೆ, ಅದರ ಮೇಲೆ ಒಂದು ಕಿರುಬೆರಳು. ಅದನ್ನು ನೋಡಿ ಯಾವುದೋ ಪಕ್ಷದ ಗುರುತು ಇರಬೇಕೆಂದು ಹಿಂದಿನವರು ತಮ್ಮ ತಮ್ಮಲ್ಲೇ ಮಾತಾಡಿಕೊಂಡರು.

ಸಿದ್ದೇಶ್ವರಿ ತಟ್ಟನೆ ಎದ್ದಳು. ಎಂಟು ವರ್ಷ ದಿನಕ್ಕೆ ನಲವತ್ತು ಸಲ ಆ ಬೆರಳು ನೋಡಿದವಳು ಅವಳು. ಮೆಟ್ಟಿಲು ಹತ್ತಿ ವೇದಿಕೆಗೆ ಹೋದಳು. ಮಾಮಾನ ಕೊರಳಿನ ಹಾರ ತೆಗೆದು ಮೇಜಿನ ಮೇಲಿಟ್ಟಳು. "ಎಷ್ಟೊತ್ತು ಆಯ್ತರಿ ಮಾಮಾ?" ಎಂದು ಕೇಳಿದಳು. "ಮುಂಜಾನಿಯಿಂದ ಇಲ್ಲವ್ವಾ" ಎಂದು ಅವನು ಅತ್ತ. ಮೈಕು ಚಾಲೂ ಇತ್ತು. ಅವಳು ಅವನ ಕೈ ಹಿಡಿದು, ಒಂದನೇ ಕ್ಲಾಸಿನ ಹುಡುಗನನ್ನು ಕರೆದೊಯ್ಯುವ ಹಾಗೆ, ಮುನ್ನೂರು ಮಂದಿಯ ನಡುವಿನಿಂದ ಹೊರಗೆ ನಡೆಸಿಕೊಂಡು ಹೋದಳು.

ಆಟೋದಲ್ಲಿ ದವಾಖಾನೆಗೆ ಹೋದೆವು. ಡ್ಯೂಟಿಯಲ್ಲಿದ್ದದ್ದು ರುಖ್ಸಾರ ಎಂಬ ಸಣ್ಣ ವಯಸ್ಸಿನ ಡಾಕ್ಟರಮ್ಮ. ಹೊಟ್ಟೆ ಮುಟ್ಟಿ ನೋಡಿ ಎಲ್ಲರನ್ನೂ ಹೊರಗೆ ಕಳಿಸಿದಳು. ನಳಿಗೆ ಹಾಕಿದಳು. ಕಾಲು ತಾಸಿನ ಮೇಲೆ ಒಳಗಿನಿಂದ ಕೇಳಿಬಂದ ನಿಟ್ಟುಸಿರನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಆಮೇಲೆ ನಮ್ಮನ್ನು ಕರೆದಳು. ವೈಜಿನಾಥ ಮಲಗಿದ್ದ, ಮಂಚದ ಬದಿಗೆ ಮೂತ್ರದ ಚೀಲ ತೂಗಾಡುತ್ತಿತ್ತು.

"ಪ್ರಾಸ್ಟೇಟ್ ಗಂಟು ದೊಡ್ಡದಾಗಿ ದಾರಿ ಕಟ್ಟೇದರಿ. ವಯಸ್ಸಿಗಿ ಬರೋದು ಇದು, ನಾಚಿಕಿ ಪಡೋದು ಏನದ?" ಎಂದಳು ಡಾಕ್ಟರಮ್ಮ. "ಕೆಟ್ಟ ರೋಗ ಇದ್ದಂಗ ಕಾಣವಲ್ದು, ಆದ್ರ ಪೂರಾ ತಪಾಸ್ ಮಾಡ್ಬೇಕು. ಎರಡು ವಾರ ಈ ಚೀಲ ಇರ್ಲಿ. ಎಷ್ಟು ದಿನದಿಂದ ತ್ರಾಸದ?"

"ಆರೇಳು ತಿಂಗಳವ್ವಾ. ಸಾಲಿ ಕುಡಿತಿದ್ದೆ."

"ತೊಗಟಿ ಆಮ್ಯಾಲರಿ. ಮೊದಲ ತೋರಿಸ್ಕೋಬೇಕಿತ್ತು." ಅವಳು ಅವನ ಮುಖ ಹತ್ತಿರದಿಂದ ನೋಡಿದಳು. "ನೀವು ಔರಾದ ಬಸ್ಸಿನ ಕಂಡಕ್ಟರ್ ಅಲ್ಲೇನ್ರಿ? ಸಂತಪುರದಿಂದ ಪಾಸಿನ ಮ್ಯಾಲ ಬರ್ತಿದ್ದೆ ನಾನು. ನಮ್ಮ ಅಮ್ಮೀಗಿ ಸಕ್ಕರಿ ಬ್ಯಾನಿ ಇತ್ತು. ಒಂದು ದಿನ ಜನವಾಡದ ಹತ್ರ ಕೈ ಮುಗದು ಕೇಳಿದ್ಳು, ನೀವು ನಿಲ್ಲಸಲಿಲ್ಲ. ಬೀದರಕ್ಕ ಬಂದು ಇಳಿವಾಗ ಆಕಿ ಬುರ್ಖಾ ಹಸಿ ಆಗಿತ್ತರಿ. ಆಮ್ಯಾಲ ಆಕಿ ಬಸ್ ಹತ್ತಲೇ ಇಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವೈಜಿನಾಥನಿಗೆ ಹಗುರವಾಗುತ್ತಿತ್ತು.

"ನೆನಪಿಲ್ಲವ್ವಾ" ಎಂದ. "ಎಷ್ಟೋ ಮಂದಿ ಕೇಳಿದ್ರು." ಗೋಡೆಯ ಕಡೆ ಮುಖ ತಿರುಗಿಸಿದ.

ಬಕ್ಕಪ್ಪ ವರಾಂಡದಲ್ಲಿ ನಿಂತು ತನ್ನ ಮಾನ ಹೋಯಿತೆಂದು ಕೂಗಿ ಮನೆಗೆ ಹೋದ. ಗಂಗುಬಾಯಿ ಕೂಗಲಿಲ್ಲ. ಮಂಚದ ಕಾಲಿನ ಹತ್ತಿರ ಕೂತು ಒಂದೇ ಮಾತು ಹೇಳಿದಳು: "ಮೂವತ್ತೇಳು ವರ್ಷ ನಿಮ್ಮ ಲುಂಗಿ ಒಗದೀನಿ. ನನಗ ಹೇಳಾಕ ನಾಚಿಕಿ ಬಂತು, ಭಾಲ್ಕ್ಯಾಗ ಮೈಕಿನ್ಯಾಗ ಹೇಳಾಕ ಬರಲಿಲ್ಲ."

ಬೀದರಕ್ಕೆ ಹೊರಡುವಾಗ ಹೊಸ ಸಮಸ್ಯೆ ಬಂತು. ಮೂತ್ರದ ಚೀಲ ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಹಿಡಿದು ಬಸ್ಸು ಹತ್ತಲಾರೆ ಎಂದು ವೈಜಿನಾಥ ಮೆಟ್ಟಿಲ ಮೇಲೆ ಕೂತುಬಿಟ್ಟ. ಸಿದ್ದೇಶ್ವರಿ ತನ್ನ ಕೈಯಲ್ಲಿದ್ದ ನೀಲಿ ಚೀಲವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮೂತ್ರದ ಚೀಲವನ್ನು ಅದರೊಳಗೆ ಇಳಿಸಿ, ನಳಿಗೆ ಮಡಚದ ಹಾಗೆ ಬದಿಯಲ್ಲಿ ಒಂದು ಹೊಲಿಗೆ ಬಿಚ್ಚಿ, ಅವನ ಕೈಗೆ ಕೊಟ್ಟಳು.

"ಕೆಳಗೇ ಹಿಡಕೋರಿ ಮಾಮಾ. ಮ್ಯಾಲ ಎತ್ತಬ್ಯಾಡ್ರಿ."

"ಸಿದ್ದಿ, ನಿನ್ನ ಅರ್ಜಿ…"

"ತಾರೀಖು ಮುಗದದರಿ" ಎಂದಳು.

ಭಾನುವಾರ ಇಡೀ ಓಣಿಗೆ ಸಮಾಚಾರ ಮುಟ್ಟಿತು. ಈ ಸಲ ನಾನು ಯಾರಿಗೂ ಹೇಳಲಿಲ್ಲ, ಆದರೂ ಮುಟ್ಟಿತು. ಚಹಾದ ಅಂಗಡಿಯ ಕುರ್ಚಿ ಒಳಗೆ ಹೋಯಿತು. ಜನ ನಕ್ಕರು, ನಕ್ಕು ಮುಗಿದ ಮೇಲೆ ಒಬ್ಬೊಬ್ಬರೇ ನನ್ನ ಅಂಗಡಿಗೆ ಬಂದು, ಯಾವುದೋ ಕಾಗದ ಝೆರಾಕ್ಸ್ ಮಾಡಿಸುವ ನೆವದಿಂದ, ಆ ಭಾಲ್ಕಿಯ ಡಾಕ್ಟರ ಹೆಸರು ಏನು ಎಂದು ಮೆಲ್ಲಗೆ ಕೇಳಿದರು. ಎಲ್ಲರೂ ಐವತ್ತು ದಾಟಿದವರು. ಎಲ್ಲರೂ ಕೇಳಿದ್ದು ಒಬ್ಬ ಗೆಳೆಯನ ಸಲುವಾಗಿ.

ಸೋಮವಾರ ಮುಂಜಾನೆ ವೈಜಿನಾಥನ ಮನೆಯ ಮುಂದೆ ನಾಲ್ಕು ಮಕ್ಕಳು ಪಾಟಿ ಹಿಡಿದು ನಿಂತಿದ್ದರು. ಅವರ ಮನೆಗಳಲ್ಲಿ ಕರಪತ್ರ ಓದಿದ್ದರು, ಭಾಲ್ಕಿಯ ಸುದ್ದಿ ಕೇಳಿರಲಿಲ್ಲ. ಮಾಮಾನ ಆರೈಕೆಗೆಂದು ಬಂದಿದ್ದ ಸಿದ್ದೇಶ್ವರಿ ಬಾಗಿಲಿಗೆ ಬಂದು ನೋಡಿದಳು. ಸಾಲಿ ಇಲ್ಲ, ಮನೆಗೆ ಹೋಗಿ ಎಂದು ಹೇಳಲು ಬಾಯಿ ತೆರೆದಳು. ಕಟ್ಟೆಯ ಮೇಲೆ ಚಾಪೆ ಹಾಸಿ ಕೂಡಿಸಿದಳು. ಅಪ್ಪ ಅಮ್ಮ ಬಂದು ಕರೆದೊಯ್ಯುವ ತನಕ ಬರೆಯಲಿ ಎಂದು ನಾಲ್ಕು ಅಕ್ಷರ ಹಾಕಿಕೊಟ್ಟಳು. ಇದು ಸಾಲಿ ಅಲ್ಲ, ಇದರಿಂದ ಅವಳಿಗೆ ನೌಕರಿಯೂ ಆಗುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ವೈಜಿನಾಥ ಒಳಗೆ ಕಿಟಕಿಯ ಹತ್ತಿರ ಮಲಗಿದ್ದ, ನೀಲಿ ಚೀಲ ನೆಲದ ಮೇಲಿತ್ತು. ಅಂಗಡಿಯ ಬಾಗಿಲು ತೆಗೆಯದೆ ನಾನು ನನ್ನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಒಂದು ಸಣ್ಣ ಹುಡುಗಿ ಕೈ ಎತ್ತಿ ಕಿರುಬೆರಳು ನಿಲ್ಲಿಸಿದಳು.

"ಟೀಚರ್, ಒಂದಕ್ಕರಿ."

ಸಿದ್ದೇಶ್ವರಿ ತಲೆ ಎತ್ತುವುದರೊಳಗೆ ಕಿಟಕಿಯಿಂದ ವೈಜಿನಾಥನ ದನಿ ಬಂತು. ಮೂವತ್ತೊಂದು ವರ್ಷ ಇಲ್ಲ ಎಂದು ಹೇಳಿದ ದನಿ ಅದು.

"ಹೋಗವ್ವಾ, ಹೋಗು. ಯಾರನ್ನೂ ಕೇಳಬ್ಯಾಡ. ಬಂದಾಗ ಹೋಗಬೇಕು."

ಹುಡುಗಿ ಎದ್ದು ಓಡಿದಳು. ನಾನೂ ಎದ್ದೆ. ಮುಂಜಾನೆಯಿಂದ ಅದು ನನ್ನ ಏಳನೆಯ ಸಲ.